ಅತ್ತಿಬೆಲೆಗೆ ಮುಗಿದುಹೋಗುವ ನಕ್ಷೆ



ಹೊಸೂರಿಗೆ ಮೆಟ್ರೋ ಬರುತ್ತಂತೆ. ಇಲ್ಲ, ಬರಲ್ವಂತೆ. ಹೊಸೂರಿಗೆ ವಿಮಾನ ನಿಲ್ದಾಣ ಬರುತ್ತಂತೆ. ಬೆಂಗಳೂರಿನವರು ಬಿಡಲ್ವಂತೆ. ಕೆಲವು ವರ್ಷಗಳಿಂದ ನಮ್ಮ ಕಡೆ ಟೀ ಅಂಗಡಿಗಳಲ್ಲಿ ಇದೇ ಮಾತು. ಚೆನ್ನೈನಲ್ಲಿ ಒಂದು ಹೇಳಿಕೆ, ಅದಕ್ಕೆ ಬೆಂಗಳೂರಿನಿಂದ ಒಂದು ಉತ್ತರ. ಪ್ರತಿ ಹೇಳಿಕೆಗೂ ರಸ್ತೆ ಬದಿಯಲ್ಲಿ "ಡಿಟಿಸಿಪಿ ಅಪ್ರೂವ್ಡ್ ಲೇಔಟ್" ಅನ್ನುವ ಹೊಸ ಬೋರ್ಡುಗಳು! ಸೈಟು ಮಾರುವವರಿಗಂತೂ ದಿನಾ ಯುಗಾದಿ.

ಮೆಟ್ರೋ ಬೇಕೋ ಬೇಡವೋ, ವಿಮಾನ ನಿಲ್ದಾಣ ಯಾವ ರಾಜ್ಯಕ್ಕೆ ಸಿಗಬೇಕು ಎಂಬ ಚರ್ಚೆಗೆ ನಾನಿಲ್ಲಿ ಬಂದಿಲ್ಲ. ಅದಕ್ಕಿಂತ ಹಿಂದಿನ ಒಂದು ಪ್ರಶ್ನೆ ಇದೆ. ಇದೆಲ್ಲ ಬೇಕು ಎಂದು ಲೆಕ್ಕ ಹಾಕಿದವರು ಯಾರು? ಯಾವ ಅಂಕಿಗಳಿಂದ ಹಾಕಿದರು? ಇನ್ನು ಇಪ್ಪತ್ತು ವರ್ಷಕ್ಕೆ ಇಲ್ಲಿ ಎಷ್ಟು ಜನ ಇರುತ್ತಾರೆ, ಎಲ್ಲಿ ವಾಸ ಮಾಡುತ್ತಾರೆ, ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ, ಯಾವ ಹೊಲ ಹೊಲವಾಗಿ ಉಳಿಯುತ್ತದೆ ಎನ್ನುವ ಮುಂದಿನ ಲೆಕ್ಕವನ್ನು ಎರಡು ಸರ್ಕಾರಗಳು ಬೇರೆ ಬೇರೆಯಾಗಿ, ಒಬ್ಬರ ಸ್ಲೇಟನ್ನು ಇನ್ನೊಬ್ಬರು ನೋಡದೆ ಹಾಕುತ್ತಿವೆ. ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಶಿಸ್ತು ಎನ್ನಬಹುದು. ಯೋಜನೆಯಲ್ಲಿ ಅದು ಅವಿವೇಕ. ಅದರ ದಂಡ ಕಟ್ಟುತ್ತಿರುವವರು ಗಡಿಯ ಎರಡೂ ಕಡೆಯ ಜನ.

ಮೊದಲು ಈ ಲೆಕ್ಕವನ್ನು ಹೇಗೆ ಹಾಕುತ್ತಾರೆ ಎಂದು ನೋಡೋಣ. ಇದೇನೂ ಬ್ರಹ್ಮವಿದ್ಯೆಯಲ್ಲ, ಏಳನೇ ತರಗತಿ ಮಕ್ಕಳಿಗೂ ಹೇಳಿಕೊಡಬಹುದು. 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್, ಶಿಕಾಗೋ ನಗರಗಳ ಅಧ್ಯಯನಗಳಲ್ಲಿ ರೂಪುಗೊಂಡ ನಾಲ್ಕು ಹೆಜ್ಜೆಯ ಕ್ರಮ ಇವತ್ತಿಗೂ ಚಾಲ್ತಿಯಲ್ಲಿದೆ. ಪ್ರದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಭಾಗ ಮಾಡುತ್ತಾರೆ. ಯಾವ ವಲಯದಿಂದ ದಿನಕ್ಕೆ ಎಷ್ಟು ಜನ ಹೊರಡುತ್ತಾರೆ ಎನ್ನುವುದು ಮೊದಲ ಹೆಜ್ಜೆ. ಹೊರಟವರು ಯಾವ ವಲಯಕ್ಕೆ ಹೋಗುತ್ತಾರೆ ಎನ್ನುವುದು ಎರಡನೆಯದು. ಬಸ್ಸೋ, ಬೈಕೋ, ರೈಲೋ, ಕಾಲ್ನಡಿಗೆಯೋ ಎನ್ನುವುದು ಮೂರನೆಯದು. ಕೊನೆಗೆ, ಯಾವ ರಸ್ತೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎನ್ನುವುದು. ವಲಯದಲ್ಲಿ ಮನೆ ಇದೆಯೋ, ಕಾರ್ಖಾನೆ ಇದೆಯೋ, ರಾಗಿ ಹೊಲ ಇದೆಯೋ ಎನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ. ಭೂಬಳಕೆ ಬದಲಾದರೆ ಓಡಾಟ ಬದಲಾಗುತ್ತದೆ, ರಸ್ತೆ ಬಂದರೆ ಭೂಬಳಕೆ ಬದಲಾಗುತ್ತದೆ. ಎತ್ತು ಬಂಡಿಯನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಬಂಡಿಯೇ ಎತ್ತನ್ನು ತಳ್ಳುತ್ತದೆ, ಹಾಗೆ.

ಇದಕ್ಕೆ ನಮ್ಮ ಹೆದ್ದಾರಿಯೇ ಸಾಕ್ಷಿ. ಹೊಸೂರು ರಸ್ತೆಯ ದಟ್ಟಣೆ ತಪ್ಪಿಸಲು ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿ.ಮೀ. ಮೇಲ್ಸೇತುವೆ ಕಟ್ಟಿ 2010ರಲ್ಲಿ ತೆರೆದರು. ಪ್ರಯಾಣ ಸಲೀಸಾಯಿತು. ಸಲೀಸಾಯಿತೆಂದೇ ಚಂದಾಪುರ, ಅತ್ತಿಬೆಲೆ, ಹೊಸೂರಿನಲ್ಲಿ ಮನೆ ಮಾಡಿ ಬೆಂಗಳೂರಿಗೆ ದುಡಿಯಲು ಹೋಗುವುದು ಸುಲಭವಾಯಿತು. ಆಮೇಲೆ ದಟ್ಟಣೆ ಎಲ್ಲಿಗೆ ಬಂತು? ಸೇತುವೆ ಇಳಿಯುವ ಕಡೆಗೆ. ಅಲ್ಲಿಂದ ಬೊಮ್ಮಸಂದ್ರಕ್ಕೆ, ಅತ್ತಿಬೆಲೆಗೆ. ಬೆಳಿಗ್ಗೆ ಆ ದಾರಿಯಲ್ಲಿ ಬಸ್ಸಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ!

ಈಗ ಮುಖ್ಯ ವಿಷಯ. ಈ ಲೆಕ್ಕದಲ್ಲಿ ಅಧ್ಯಯನ ಪ್ರದೇಶದ ಸುತ್ತ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಒಳಗಿನ ಹಳ್ಳಿ, ಮನೆ, ಹೊಲ, ಅಂಗಡಿಗಳನ್ನು ವಿವರವಾಗಿ ಎಣಿಸುತ್ತಾರೆ. ಗೆರೆಯ ಹೊರಗಿನದಕ್ಕೆ "ಬಾಹ್ಯ ವಲಯ" ಎಂದು ಹೆಸರು. ಅಲ್ಲಿ ಯಾರಿದ್ದಾರೆ, ಏನು ಬೆಳೆಯುತ್ತಾರೆ ಎಂದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಗೆರೆ ದಾಟುವ ಜಾಗದಲ್ಲಿ ಬಂದು ಹೋಗುವ ಗಾಡಿಗಳನ್ನು ಎಣಿಸಿ, ವರ್ಷಕ್ಕೆ ಇಷ್ಟು ಪರ್ಸೆಂಟ್ ಏರಿಕೆ ಎಂದು ಗುಣಿಸಿಬಿಡುತ್ತಾರೆ.

ನಮ್ಮ ದುರದೃಷ್ಟಕ್ಕೆ ಆ ಗೆರೆ ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಬೀಳುತ್ತದೆ. ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 1985ರ ಕಾಯ್ದೆಯಿಂದ ಹುಟ್ಟಿದ್ದು. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರದ ಭಾಗಗಳು ಸೇರಿ ಸುಮಾರು 8,000 ಚದರ ಕಿ.ಮೀ. ಅದರ ವ್ಯಾಪ್ತಿ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರು ಅದರಲ್ಲಿ ಇಲ್ಲ, ಅದಕ್ಕಿಂತ ಎಷ್ಟೋ ದೂರದ ಊರುಗಳಿವೆ! ಇತ್ತ ತಮಿಳುನಾಡಿನ ಯೋಜನೆಗೆ 1971ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಆಧಾರ. ಅದಕ್ಕೆ ಬೆಂಗಳೂರು ಪರರಾಜ್ಯ. ಅಂದರೆ ಬೆಂಗಳೂರಿನ ಲೆಕ್ಕದಲ್ಲಿ ಹೊಸೂರು ನಕ್ಷೆಯ ಅಂಚಿನ ಒಂದು ಚುಕ್ಕೆ, ಹೊಸೂರಿನ ಲೆಕ್ಕದಲ್ಲಿ ಇಡೀ ಬೆಂಗಳೂರು ಒಂದು ಚುಕ್ಕೆ. ಒಂದು ಕೋಟಿಗೂ ಹೆಚ್ಚು ಜನರ ಊರು ಚುಕ್ಕೆಯಾಗುವ ಲೆಕ್ಕವನ್ನು ನಮ್ಮ ಶಾಲೆಯಲ್ಲಿ ಯಾರಾದರೂ ಬರೆದು ತಂದಿದ್ದರೆ ಮತ್ತೆ ಮಾಡಿ ತಾ ಎಂದು ವಾಪಸ್ ಕಳಿಸುತ್ತಿದ್ದೆ.

ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರಿಂದ ಸಂಖ್ಯೆಯೇ ಬದಲಾಗುತ್ತದೆ. 2001ರಲ್ಲಿ ಹೊಸೂರು ಪುರಸಭೆಯ ಜನಸಂಖ್ಯೆ 84 ಸಾವಿರ ಚಿಲ್ಲರೆ. 2011ರ ಗಣತಿಯಲ್ಲಿ ಹಳೆಯ ಎಲ್ಲೆಯ ಪ್ರಕಾರ 1 ಲಕ್ಷ 17 ಸಾವಿರ. ಮತ್ತಿಗಿರಿ, ಜೂಜುವಾಡಿ, ಮೂಕಂಡಪಳ್ಳಿ ಮೊದಲಾದವನ್ನು ಸೇರಿಸಿಕೊಂಡ ಹೊಸ ಎಲ್ಲೆಯ ಪ್ರಕಾರ ಅದೇ 2011ರಲ್ಲಿ 2 ಲಕ್ಷ 45 ಸಾವಿರ! ಅದೇ ವರ್ಷ, ಅದೇ ಜನ, ಅದೇ ಮನೆಗಳು, ಗೆರೆ ಮಾತ್ರ ಬೇರೆ. ಯಾವ ಸಂಖ್ಯೆಯಿಂದ ಶುರು ಮಾಡುತ್ತೀರೋ ಅದರ ಮೇಲೆ ಇಪ್ಪತ್ತು ವರ್ಷದ ಕುಡಿಯುವ ನೀರು, ಬಸ್ಸು, ಶಾಲೆ ಎಲ್ಲದರ ಅಂದಾಜು ನಿಲ್ಲುತ್ತದೆ. ಸಾಲದ್ದಕ್ಕೆ 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ, ಮುಂದಿನದಕ್ಕೆ ಗೊತ್ತಾದ ದಿನಾಂಕ 2027ರ ಮಾರ್ಚ್ 1. ಈ ಮಧ್ಯೆ 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯೂ ಆಯಿತು. ಊರು ಬೆಳೆದು ಅಂಗಿ ಹರಿದಿದ್ದರೂ ದರ್ಜಿ ಕೈಯಲ್ಲಿರುವುದು 2011ರ ಅಳತೆ.

ಹೀಗೆ ಎರಡು ಲೆಕ್ಕ ಇಟ್ಟುಕೊಂಡರೆ ಏನಾಗುತ್ತದೆ? ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ರೈಲು. ಹೊಸೂರು ರೈಲು ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಹಳಿ ಇದೆ, ವಿದ್ಯುತ್ ತಂತಿ ಇದೆ, ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ ಜೋಡಿ ಹಳಿಯ ಕಾಮಗಾರಿಯನ್ನೂ ಕೈಗೆತ್ತಿಕೊಂಡಿದ್ದಾರೆ. ಆದರೆ 2020ರಲ್ಲಿ ಮಂಜೂರಾದ ಬೆಂಗಳೂರು ಉಪನಗರ ರೈಲಿನ ನಾಲ್ಕನೇ ಮಾರ್ಗ, ಕನಕ ಎಂದು ಹೆಸರಿಟ್ಟದ್ದು, ರಾಜಾನುಕುಂಟೆಯಿಂದ ಹೊರಟು ಹೀಲಲಿಗೆಗೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಆನೇಕಲ್ ರಸ್ತೆ, ಆಮೇಲೆ ಹೊಸೂರು. ದಿನಾ ರೈಲಿನಲ್ಲಿ ಉಸಿರು ಬಿಗಿಹಿಡಿದು ನಿಂತು ಹೋಗುವ ಹೊಸೂರಿನ ಜನ ಆ ಮಂಜೂರಾದ ಮಾರ್ಗದೊಳಗೆ ಇಲ್ಲ.

ಎರಡನೆಯದು ಮೆಟ್ರೋ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಬೊಮ್ಮಸಂದ್ರದಿಂದ ಹೊಸೂರಿಗೆ ವಿಸ್ತರಿಸಲು ತಮಿಳುನಾಡಿನ ಪರವಾಗಿ ಚೆನ್ನೈ ಮೆಟ್ರೋ ಸಂಸ್ಥೆ ಸಾಧ್ಯತಾ ವರದಿ ಮಾಡಿಸಿತು. ನಮ್ಮ ಮೆಟ್ರೋ ಓಡುವುದು ಹಳಿ ಪಕ್ಕದ 750 ವೋಲ್ಟ್ ಡಿ.ಸಿ. ವಿದ್ಯುತ್ತಿನಲ್ಲಿ. ಚೆನ್ನೈನವರು ಸೂಚಿಸಿದ್ದು ತಲೆಯ ಮೇಲಿನ ತಂತಿಯ 25 ಸಾವಿರ ವೋಲ್ಟ್ ಎ.ಸಿ. ವ್ಯವಸ್ಥೆ. ಎರಡೂ ಕೂಡುವುದಿಲ್ಲ, ತಾಂತ್ರಿಕವಾಗಿ ಕಷ್ಟ ಎಂದು 2025ರಲ್ಲಿ ಬೆಂಗಳೂರಿನ ನಿಗಮ ಹೇಳಿತು. ಸ್ವಾಮಿ, ಒಂದೇ ಮನೆಗೆ ಇಬ್ಬರು ಅಣ್ಣತಮ್ಮಂದಿರು ಬಾಗಿಲು ಮಾಡಿಸುವಾಗ ಒಬ್ಬ ಚೌಕಟ್ಟಿನ ಅಳತೆ, ಇನ್ನೊಬ್ಬ ಕದದ ಅಳತೆ ಹೇಳಿಕೊಳ್ಳದೆ ಬಡಗಿಗೆ ಕೊಟ್ಟರೆ ಆಗುವ ಕಥೆ ಇದು. ಮೊದಲ ದಿನವೇ ಒಂದು ಮೇಜಿನ ಸುತ್ತ ಕೂತಿದ್ದರೆ ಈ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೂರನೆಯದು ವಿಮಾನ ನಿಲ್ದಾಣ. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಎಂದು ವಿಧಾನಸಭೆಯಲ್ಲಿ ಘೋಷಿಸಿದರು. ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ 2033ರವರೆಗೆ 150 ಕಿ.ಮೀ. ಒಳಗೆ, ಮೈಸೂರು ಹಾಸನ ಬಿಟ್ಟರೆ, ಬೇರೆ ನಿಲ್ದಾಣಕ್ಕೆ ತಡೆ ಇದೆ. ಇತ್ತ ಕರ್ನಾಟಕವೂ ಬೆಂಗಳೂರಿಗೆ ಎರಡನೇ ನಿಲ್ದಾಣ ಬೇಕೆಂದು ಕನಕಪುರ ರಸ್ತೆ, ಕುಣಿಗಲ್ ರಸ್ತೆ ಕಡೆ ಜಾಗ ನೋಡಿತು. 2025ರಲ್ಲಿ ಕೇಂದ್ರದ ತಂಡವೂ ಬಂದು ನೋಡಿ ಹೋಯಿತು. ಎರಡು ರಾಜ್ಯದವರೂ ಎಣಿಸುತ್ತಿರುವುದು ಯಾರನ್ನು? ದಕ್ಷಿಣ ಬೆಂಗಳೂರಿನ ಅದೇ ಪ್ರಯಾಣಿಕರನ್ನು! ಒಂದೇ ಹಸುವಿನ ಹಾಲನ್ನು ಎರಡು ಡೈರಿಯ ಪುಸ್ತಕದಲ್ಲಿ ಬರೆಸಿದಂತೆ. ಈ ಎರಡು ಲೆಕ್ಕದ ಹೆಸರಿನಲ್ಲಿ ಎರಡು ಕಡೆ ರೈತರ ಜಮೀನಿನ ಮೇಲೆ ಗುರುತು ಬೀಳುತ್ತದೆ.

ದೊಡ್ಡ ಸಂಖ್ಯೆ ಹೇಳುವುದು ಸುಲಭ, ಯಾಕೆಂದರೆ ಹೇಳಿದವರನ್ನು ಆಮೇಲೆ ಯಾರೂ ಕೇಳುವುದಿಲ್ಲ. ಡೆನ್ಮಾರ್ಕಿನ ಬೆಂಟ್ ಫ್ಲೈವ್‌ಬರ್ಗ್ ಎಂಬ ವಿದ್ವಾಂಸರು ಮತ್ತು ಸಂಗಡಿಗರು 14 ದೇಶಗಳ 210 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳಲ್ಲಿ ಪ್ರಯಾಣಿಕರ ಅಂದಾಜು ನಿಜಕ್ಕಿಂತ ಹೆಚ್ಚಾಗಿತ್ತು, ಸರಾಸರಿ ನೂರಾ ಆರು ಪರ್ಸೆಂಟ್ ಹೆಚ್ಚು. ನೂರು ಜನ ಬರುವ ಮದುವೆಗೆ ಇನ್ನೂರಕ್ಕೂ ಮಿಕ್ಕಿ ಎಲೆ ಹಾಕಿದಂತಾಯಿತು. ನಮ್ಮ ಜಿಲ್ಲೆಯಲ್ಲೇ ನೋಡಿ. ಪೋಚಂಪಳ್ಳಿಯಲ್ಲಿ 500 ಎಕರೆಯಲ್ಲಿ ಓಲಾ ಸ್ಕೂಟರ್ ಕಾರ್ಖಾನೆ ಬಂದಾಗ 2021ರಲ್ಲಿ ಸಾರಿದ್ದು ವರ್ಷಕ್ಕೆ 1 ಕೋಟಿ ಸ್ಕೂಟರ್ ಸಾಮರ್ಥ್ಯ. 2023-24ರಲ್ಲಿ ಮಾರಾಟವಾದದ್ದು ಸುಮಾರು 3.3 ಲಕ್ಷ. ಕಂಪನಿ ಆಸೆ ಪಡಲಿ, ಅದು ಅವರ ವ್ಯಾಪಾರ. ಅಂಥ ಆಸೆಗಳನ್ನೇ ಒಟ್ಟು ಕೂಡಿಸಿ ಊರಿನ ಭೂಬಳಕೆಯ ಅಂದಾಜು ಮಾಡಬಾರದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಬಟ್ಟೆ ಮಾತ್ರ ದಂಡ. ಇಲ್ಲಿ ಹೋಗುವುದು ಜಮೀನು. ಒಮ್ಮೆ ಹೋದ ಜಮೀನು ಅಂದಾಜು ಸುಳ್ಳಾಯಿತೆಂದು ವಾಪಸ್ ಬರುವುದಿಲ್ಲ.

ಅಂದಾಜಿಗೆ ಇನ್ನೊಂದು ಗುಣ ಇದೆ. ಮಳೆ ಬರುತ್ತದೆ ಎಂದರೆ ಮೋಡಕ್ಕೆ ಕೇಳಿಸುವುದಿಲ್ಲ. ಈ ಕಡೆ ಕೈಗಾರಿಕೆ ಬರುತ್ತದೆ ಎಂದರೆ ದಲ್ಲಾಳಿಗೆ ಕೇಳಿಸುತ್ತದೆ! ನಕ್ಷೆಯಲ್ಲಿ ಬಣ್ಣ ಬಿದ್ದ ದಿನವೇ ಎಕರೆ ಬೆಲೆ ಏರುತ್ತದೆ, ಪಕ್ಕದ ರೈತನಿಗೆ ಉಳುಮೆ ಬೇಡವಾಗುತ್ತದೆ, ಬೀಳು ಬಿಡುತ್ತಾನೆ. ಮೂರು ವರ್ಷದ ನಂತರ ಅಧಿಕಾರಿ ಬಂದು ನೋಡಿ "ಇಲ್ಲಿ ಕೃಷಿ ಇಲ್ಲ" ಎಂದು ಬರೆದುಕೊಳ್ಳುತ್ತಾನೆ. ಅಂದಾಜು ತಾನೇ ತನ್ನನ್ನು ನಿಜ ಮಾಡಿಕೊಂಡಿತು. ಶೂಳಗಿರಿ ತಾಲ್ಲೂಕಿನ ಉದ್ದನಪಳ್ಳಿ ಸುತ್ತಿನ ರೈತರು ಸಿಪ್‌ಕಾಟ್‌ನ ಹೊಸ ಹಂತಕ್ಕೆ ಮೂರು ಸಾವಿರ ಎಕರೆಯಷ್ಟು ಜಮೀನು ಕೊಡುವುದಿಲ್ಲ ಎಂದು 2023ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಈ ಭಾಗದ ಪುಂಜೈ ಜಮೀನು ಎಂದರೆ ಕಾಗದದಲ್ಲಿ ಒಣ ಭೂಮಿ. ಅದೇ ಭೂಮಿಯ ಗುಲಾಬಿ ಬೆಂಗಳೂರಿನ ವಿಮಾನ ಹತ್ತಿ ಹೊರದೇಶಕ್ಕೆ ಹೋಗುತ್ತದೆ, ರಾಯಕೋಟೆಯ ಟೊಮೇಟೊ ಎಷ್ಟೋ ಊರಿನ ಸಾರಿಗೆ ಬೀಳುತ್ತದೆ. ಒಂದು ಎಕರೆ ಹೂವಿನ ತೋಟಕ್ಕೆ ಎಷ್ಟು ಆಳು ಬರುತ್ತಾರೆ, ಎಷ್ಟು ಟೆಂಪೋ ಹೊರಡುತ್ತದೆ ಎಂದು ಎಣಿಸಿದ ವರದಿ ಯಾವುದು? ಕಾರ್ಖಾನೆ ಉದ್ಯೋಗ ಕೊಡುತ್ತದೆ, ಹೊಲ "ಖಾಲಿ" ಇರುತ್ತದೆ ಎನ್ನುವ ನಂಬಿಕೆಯೇ ಇಂಥ ಲೆಕ್ಕದ ಮೊದಲ ತಪ್ಪು.

ಹಾಗೆಂದು ನಾನು ಕಾರ್ಖಾನೆಗಳ ವಿರೋಧಿಯಲ್ಲ. 1980ರಲ್ಲಿ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಆಮೇಲೆ ಟೈಟಾನ್ ಬಂದಿದ್ದರಿಂದ ಈ ಸೀಮೆಯ ಸಾವಿರಾರು ಮನೆಗಳಲ್ಲಿ ದೀಪ ಹತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿ ದುಡಿಯುತ್ತಿದ್ದಾರೆ. ಆದರೆ ಆ ಕಾರ್ಖಾನೆಗಳು ಇಲ್ಲಿಗೆ ಬರಲು ಕಾರಣವೇನು? ಬೆಂಗಳೂರು ಹತ್ತಿರ ಇದೆ ಎಂಬುದು. ಹೊಸೂರಿನ ಬಂಡವಾಳವೇ ಬೆಂಗಳೂರು. ಹಾಗಿದ್ದೂ ಯೋಜನೆ ಮಾಡುವಾಗ ಇಬ್ಬರಿಗೂ ಮುಖ ಪರಿಚಯವಿಲ್ಲ!

ಗಡಿ ಜನರ ಓಡಾಟ ಹೇಗಿರುತ್ತದೆಂದು ದೂರದವರಿಗೆ ಗೊತ್ತಾಗುವುದಿಲ್ಲ. ಮನೆ ಬಾಗಲೂರು ಕಡೆ, ಕೆಲಸ ಬೊಮ್ಮಸಂದ್ರದಲ್ಲಿ, ಆಸ್ಪತ್ರೆಗೆ ಬೆಂಗಳೂರು, ರೇಷನ್ ಕಾರ್ಡು ಕೃಷ್ಣಗಿರಿ ಜಿಲ್ಲೆಯದು, ಹೆಣ್ಣು ಕೊಟ್ಟಿದ್ದು ಆನೇಕಲ್ಲಿಗೆ. ಗಡಿಯ ಈ ಕಡೆ ಜಮೀನಿಗೆ ಚಿಟ್ಟಾ ಅಡಂಗಲ್, ಆ ಕಡೆ ಜಮೀನಿಗೆ ಪಹಣಿ, ಎರಡೂ ಒಂದೇ ಕುಟುಂಬದ ಟ್ರಂಕಿನಲ್ಲಿ. 2021ರಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. 2023ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ, ಅದು ಕರ್ನಾಟಕದ ನಿವಾಸಿಗಳಿಗೆ. ಹೊಸೂರಿನಿಂದ ಆ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಗಡಿಯವರೆಗೆ ಒಂದು ಲೆಕ್ಕ, ಗಡಿಯಾಚೆ ಇನ್ನೊಂದು ಲೆಕ್ಕ ಹಾಕಿ ಬಸ್ಸು ಹತ್ತಬೇಕು. ಮೂರನೇ ಹೆಜ್ಜೆಯ ಲೆಕ್ಕ ಎಂದು ಮೇಲೆ ಹೇಳಿದೆನಲ್ಲ, ಜನ ಯಾವ ವಾಹನ ಹಿಡಿಯುತ್ತಾರೆ ಎಂಬುದು? ಅದು ಗಡಿಯಲ್ಲಿ ಹೀಗೆ ಮುರಿಯುತ್ತದೆ.

ಕೃಷ್ಣಗಿರಿಯದು ಇನ್ನೂ ವಿಚಿತ್ರ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಜಿಲ್ಲೆ, 2011ರಲ್ಲಿ ಜಿಲ್ಲೆಯ ಜನಸಂಖ್ಯೆ 18 ಲಕ್ಷ 79 ಸಾವಿರ. ಜಿಲ್ಲಾ ಕೇಂದ್ರದಲ್ಲಿ ರೈಲು ನಿಲ್ದಾಣವೇ ಇಲ್ಲ! ಬ್ರಿಟಿಷರ ಕಾಲದಲ್ಲಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ, ತಿರುಪತ್ತೂರಿನಿಂದ ಕೃಷ್ಣಗಿರಿಗೆ ಪುಟ್ಟ ಹಳಿಯ ರೈಲು ಓಡುತ್ತಿತ್ತು. ಮೊರಪ್ಪೂರಿನಿಂದ ಧರ್ಮಪುರಿ ಮೇಲೆ ಹೊಸೂರಿಗೂ ಒಂದಿತ್ತು. ಎರಡೂ ನಷ್ಟದ ಬಾಬತ್ತಾಗಿ, ಎರಡನೇ ಮಹಾಯುದ್ಧದ ಹೊತ್ತಿಗೆ ಮುಚ್ಚಿಹೋದವು. ಧರ್ಮಪುರಿ, ಹೊಸೂರಿಗೆ ಆಮೇಲೆ ಸೇಲಂ ಬೆಂಗಳೂರು ಮಾರ್ಗ ಬಂತು. ಕೃಷ್ಣಗಿರಿಗೆ ಇಂದಿಗೂ ಸರ್ವೆ ಮಾತ್ರ. ಅಂದು "ಪ್ರಯಾಣಿಕರಿಲ್ಲ" ಎಂದು ಕಿತ್ತ ಹಳಿಯ ಊರಲ್ಲಿ ಇಂದು ಹೆದ್ದಾರಿ ತುಂಬ ಲಾರಿ.

ನೀರಿಗೂ ಆನೆಗೂ ಈ ಗೆರೆ ಗೊತ್ತಿಲ್ಲ. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಹರಿದು ಬಂದು ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯಾಗಿ ಏಳುತ್ತದೆ. ಬನ್ನೇರುಘಟ್ಟದ ಕಾಡಿನ ಆನೆಗಳು ಪ್ರತಿ ವರ್ಷ ತಳಿ, ಸಾನಮಾವು ಕಡೆಗೆ ಬರುತ್ತವೆ. ಬೆಂಗಳೂರಿನಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಏಳುತ್ತದೆ ಎಂಬ ಲೆಕ್ಕ ಇಲ್ಲಿಯ ರೈತನ ಬಾವಿಯ ನೀರಿನ ಲೆಕ್ಕವೂ ಹೌದು.

ಇದಕ್ಕೆ ಎರಡು ಉತ್ತರ ಬರುತ್ತವೆ ಎಂದು ಗೊತ್ತು. "ಹೊಸೂರು ಕರ್ನಾಟಕಕ್ಕೆ ಸೇರಿದ್ದರೆ ಈ ಗೋಳೇ ಇರುತ್ತಿರಲಿಲ್ಲ" ಎನ್ನುವ ಗೆಳೆಯರಿದ್ದಾರೆ. 1956ರ ಆ ನೋವು ನನಗೂ ಗೊತ್ತು, ಕನ್ನಡ ಪಾಠ ಮಾಡಿಯೇ ಅನ್ನ ತಿನ್ನುವವನು ನಾನು. ಆದರೆ ಗೆರೆಯನ್ನು ಹತ್ತು ಮೈಲಿ ಆಚೆ ಸರಿಸಿದರೆ ಅಲ್ಲಿಯ ಊರು ಚುಕ್ಕೆಯಾಗುತ್ತದೆ, ಅಷ್ಟೇ. "ಎರಡು ರಾಜ್ಯ ಕೂಡಿ ಯೋಜನೆ ಮಾಡುವುದು ಆಗದ ಮಾತು, ಕಾವೇರಿ ಜಗಳ ನೋಡಿಲ್ಲವೇ" ಎನ್ನುವುದು ಇನ್ನೊಂದು ಉತ್ತರ. ದೆಹಲಿಯಲ್ಲಿ ಆಗಿದೆಯಲ್ಲ? ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನದ ವಿಧಾನಸಭೆಗಳು ಒಪ್ಪಿ ನಿರ್ಣಯ ಮಾಡಿದ ಮೇಲೆ, ಸಂವಿಧಾನದ 252ನೇ ವಿಧಿಯಂತೆ ಸಂಸತ್ತು 1985ರಲ್ಲಿ ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿಯ ಕಾಯ್ದೆ ಮಾಡಿತು. ದೆಹಲಿಯಿಂದ ಉತ್ತರ ಪ್ರದೇಶದ ಮೀರತ್ ಕಡೆಗೆ ರಾಜ್ಯದ ಗಡಿ ದಾಟಿ ವೇಗದ ರೈಲು ಓಡುತ್ತಿದೆ. ಆ ಮಂಡಳಿಯಲ್ಲಿ ಕೊರತೆಗಳಿಲ್ಲ ಎನ್ನುವುದಿಲ್ಲ. ಆದರೆ ದಾರಿ ಇದೆ. ನಮ್ಮಲ್ಲೇ ದಾಬಸ್‌ಪೇಟೆಯಿಂದ ಆನೇಕಲ್, ಹೊಸೂರು ಸುತ್ತಿ ಬರುವ ಉಪನಗರ ವರ್ತುಲ ರಸ್ತೆ ಎರಡೂ ರಾಜ್ಯದಲ್ಲಿ ಹಾದುಹೋಗುತ್ತದೆ. ಕೇಂದ್ರದ ಹೆದ್ದಾರಿಯಾದ್ದರಿಂದ ಅಲ್ಲಿ ಗೆರೆ ಅಡ್ಡ ಬರಲಿಲ್ಲ. ರಸ್ತೆಗೆ ಸಾಧ್ಯವಾದದ್ದು ಲೆಕ್ಕಕ್ಕೆ ಯಾಕೆ ಸಾಧ್ಯವಿಲ್ಲ?

ನಾವು ಕೇಳಬೇಕಾದದ್ದು ಬಹಳವಿಲ್ಲ. ಬೆಂಗಳೂರು, ಆನೇಕಲ್, ಹೊಸೂರು, ಕೃಷ್ಣಗಿರಿ ಸೇರಿಸಿ ಒಂದೇ ಓಡಾಟದ ಸಮೀಕ್ಷೆ, ಒಂದೇ ಭೂಬಳಕೆಯ ನಕ್ಷೆ. ಅದರ ಮೇಲೆ ಯಾರು ಏನು ಕಟ್ಟುತ್ತಾರೆ ಎಂದು ಆಮೇಲೆ ಜಗಳವಾಡಲಿ. ಪ್ರತಿ ಯೋಜನೆಯ ಜೊತೆಗೆ ಯಾವ ವರ್ಷದ ಸಂಖ್ಯೆ, ಎಷ್ಟು ಪರ್ಸೆಂಟ್ ಏರಿಕೆ ಎಂದು ಹಿಡಿದ ಲೆಕ್ಕ ಬಹಿರಂಗವಾಗಲಿ. ಐದು ವರ್ಷಕ್ಕೊಮ್ಮೆ ಹಿಂದಿನ ಅಂದಾಜು ಎಷ್ಟು ತಪ್ಪಿತು ಎಂದು ಪ್ರಕಟಿಸಲಿ. ಮಕ್ಕಳ ಉತ್ತರ ಪತ್ರಿಕೆಗೆ ಅಂಕ ಹಾಕುತ್ತೇವೆ, ಸಲಹೆಗಾರ ಕಂಪನಿಯ ವರದಿಗೆ ಯಾಕೆ ಬೇಡ? ಶಾಲೆಗೂ ಅದೇ ಮಾತು. ಐದಾರು ವರ್ಷದ ನಂತರ ಒಂದನೇ ತರಗತಿಗೆ ಬರುವ ಮಗು ಇವತ್ತೇ ತೊಟ್ಟಿಲಲ್ಲಿದೆ, ಮನೆ ಮನೆ ಗಣತಿಯಲ್ಲಿ ನಾವು ಮೇಷ್ಟ್ರುಗಳು ಅದನ್ನು ಎಣಿಸುತ್ತೇವೆ. ಕಾರ್ಖಾನೆ ಶೆಡ್ಡಿನ ಒಡಿಶಾ, ಬಿಹಾರದ ಮಗುವನ್ನೂ, ಕನ್ನಡ ತೆಲುಗು ಮನೆಮಾತಿನ ಮಗುವನ್ನೂ ಆ ನಕ್ಷೆ ಎಣಿಸಲಿ. ಶಾಲೆಗೆಂದು ಬಣ್ಣ ಬಳಿದ ಜಾಗದಲ್ಲಿ ಯಾವ ಮಾತಿನ ಎಷ್ಟು ಮಕ್ಕಳು ಕೂರುತ್ತಾರೆ ಎಂಬುದೂ ಒಂದು ಅಂದಾಜೇ.

ಕೊನೆಯದಾಗಿ ನಮ್ಮ ಊರುಗಳವರಿಗೆ ಒಂದು ಮಾತು. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ಕಾಯ್ದೆಯಲ್ಲಿದೆ, ಅದಕ್ಕೆ ಗಡುವೂ ಇರುತ್ತದೆ. ತಮಿಳು ಬರೆಯಲು ಬರುವುದಿಲ್ಲ, ಇಂಗ್ಲಿಷ್ ಗೊತ್ತಿಲ್ಲ ಎಂದು ಸುಮ್ಮನಿರಬೇಡಿ. ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ನಿಮ್ಮ ಸರ್ವೆ ನಂಬರು, ನಿಮ್ಮ ಬೆಳೆ, ಮನೆಯಿಂದ ಎಷ್ಟು ಜನ ದಿನಾ ಎಲ್ಲಿಗೆ ಹೋಗುತ್ತಾರೆ, ಗಡಿ ಎಷ್ಟು ಸಲ ದಾಟುತ್ತಾರೆ ಎಂದು ಕನ್ನಡದಲ್ಲೇ ಬರೆದು ಕೊಡಿ, ರಸೀದಿ ಕೇಳಿ ಪಡೆಯಿರಿ. ಬರೆಯಲು ಬಾರದ ಹಿರಿಯರಿಗೆ ಹತ್ತಿರದ ಶಾಲೆಯ ಮೇಷ್ಟ್ರು ಬರೆದುಕೊಡುತ್ತಾರೆ. ನಾನಂತೂ ಸಂಜೆ ಐದರ ಮೇಲೆ ಸಿಗುತ್ತೇನೆ.